ಹೆಂಚಿನ ರವೆ ಬೆರೆಸಿದ ಮಣ್ಣು: ಮೂರನೇ ಸುತ್ತು

ಒಲೆಯ ಮೇಲಿಡುವ ಮಡಕೆಗೆಂದು ಮಣ್ಣಿನ ಪಟ್ಟಿಗಳನ್ನು ಸುಟ್ಟು ಪರೀಕ್ಷಿಸುತ್ತಿದ್ದೇನೆ. ಮೂರನೇ ಸುತ್ತಿನವು ಭಾನುವಾರ ಕಿಲ್ನ್‌ನಿಂದ (ಮಡಕೆ ಸುಡುವ ಗೂಡು) ಹೊರಬಂದವು. ಒಟ್ಟು 24, ಒಂದೂ ಸಿಡಿದಿಲ್ಲ! ಹೋದ ಸಲ ಮಳೆಯಲ್ಲಿ ಸರಿಯಾಗಿ ಒಣಗದೆ ಐದು ಚೂರಾಗಿದ್ದವು. ಈ ಸಲ ಫ್ರಿಜ್ ಹಿಂದಿನ ಬಿಸಿಯಲ್ಲಿ ಹತ್ತು ದಿನ ಇಟ್ಟಿದ್ದೆ.

ಬೆಂಗಳೂರಿನ ಪಾಟರಿ ಟೌನ್‌ನಿಂದ ತಂದ ಕೆಂಪು ಮಣ್ಣು ಸುಟ್ಟರೆ ಗಟ್ಟಿಯೇ. ಆದರೆ ಒಂದು ಸಣ್ಣ ಬಿರುಕು ಬಿದ್ದರೆ ಸಾಕು, ಆ ಕಡೆಯಿಂದ ಈ ಕಡೆಗೆ ಓಡಿಬಿಡುತ್ತದೆ. ಆ ಓಟಕ್ಕೆ ಅಡ್ಡ ಹಾಕಬೇಕು, ಇಷ್ಟೇ ನನ್ನ ಗುರಿ.

ಮೊದಲ ಸುತ್ತಿನಲ್ಲಿ ಹಾಕಿದ್ದು ದಪ್ಪ ಮರಳು, ಅದೂ ಜಾಸ್ತಿ. ಮರಳಿನಲ್ಲಿರುವ ಕ್ವಾರ್ಟ್ಜ್ ಎಂಬ ಖನಿಜ 573 ಡಿಗ್ರಿ ಸೆಲ್ಸಿಯಸ್ ಹತ್ತಿರ ತಟ್ಟನೆ ಹಿಗ್ಗುತ್ತದೆ, ಆರುವಾಗ ಅಲ್ಲೇ ತಟ್ಟನೆ ಕುಗ್ಗುತ್ತದೆ. ಸುತ್ತಲಿನ ಮಣ್ಣು ಹಾಗೆ ಕುಗ್ಗುವುದಿಲ್ಲ. ಕಾಳಿನ ಸುತ್ತ ಬಿರುಕು ಬಿದ್ದವು.

ಅದಕ್ಕೇ ಈಗ ಒಡೆದ ಮಂಗಳೂರು ಹೆಂಚು. ಒಮ್ಮೆ ಸುಟ್ಟದ್ದು, ಇನ್ನೊಮ್ಮೆ ಅಷ್ಟಾಗಿ ಕುಗ್ಗುವುದಿಲ್ಲ. ಕುಟ್ಟಿ, ಜರಡಿ ಹಿಡಿದು ಎರಡು ಪಾಲು ಮಾಡಿದೆ: ಒಂದು ಚಿರೋಟಿ ರವೆಯಷ್ಟು ಸಣ್ಣ, ಇನ್ನೊಂದು ಬನ್ಸಿ ರವೆಯಷ್ಟು ದಪ್ಪ. (ಕುಟ್ಟುವಾಗ ಮಾಸ್ಕ್ ಬೇಕೇ ಬೇಕು. ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು.) ತೂಕದಲ್ಲಿ ನೂರಕ್ಕೆ 20 ಪಾಲು ಬೆರೆಸಿದೆ. ಬರೀ ಮಣ್ಣು, ಚಿರೋಟಿ, ಬನ್ಸಿ: ಪ್ರತಿ ಬಗೆಯಲ್ಲೂ ಎಂಟು ಪಟ್ಟಿ.

ಪಟ್ಟಿಯನ್ನು ಎರಡು ಕಂಬಿಗಳ ಮೇಲಿಟ್ಟು, ನಡುವೆ ಬಕೆಟ್ ನೇತುಹಾಕಿ, ಮುರಿಯುವ ತನಕ ನೀರು ಸುರಿದೆ. ನಾಲ್ಕರ ಸರಾಸರಿ: ಬರೀ ಮಣ್ಣು 8.6 ಕೆ.ಜಿ., ಚಿರೋಟಿ 7.9, ಬನ್ಸಿ 6.8. ಇದನ್ನಷ್ಟೇ ನೋಡಿದರೆ ಹೆಂಚು ಬೆರೆಸಿದ್ದೇ ದಂಡ ಅನಿಸುತ್ತದೆ, ಅಲ್ವಾ?

ಪ್ರತಿ ಬಗೆಯಲ್ಲಿ ಉಳಿದ ನಾಲ್ಕನ್ನು ಓವನ್‌ನಲ್ಲಿ 220 ಡಿಗ್ರಿಗೆ ಕಾಯಿಸಿ ತಣ್ಣೀರಿಗೆ ಹಾಕಿದೆ. ಒಣಗಿಸಿ, ಗಡಿಗೆ ಕೊಳ್ಳುವಾಗ ತಟ್ಟುವ ಹಾಗೆ ಬೆರಳಲ್ಲಿ ತಟ್ಟಿದೆ. ಬರೀ ಮಣ್ಣಿನದು ಮೊದಲು ಠಣ್ ಅನ್ನುತ್ತಿತ್ತು, ಈಗ ದಬ್ ಅಂದಿತು. ಬಕೆಟ್ ನೇತುಹಾಕಿದರೆ 3.1ಕ್ಕೇ ಮುರಿಯಿತು. ಚಿರೋಟಿ 4.6. ಬನ್ಸಿ 5.2! ಮೊದಲು ಎಲ್ಲಕ್ಕಿಂತ ದುರ್ಬಲವಾಗಿದ್ದದ್ದೇ ಈಗ ಮುಂದೆ. ಹೊರುವ ಬಲವೇ ಬೇರೆ, ಬಿರುಕನ್ನು ತಡೆಯುವ ಗುಣವೇ ಬೇರೆ. ಒಲೆಯ ಮೇಲಿಡುವ ಮಡಕೆಗೆ ಬೇಕಾದ್ದು ಎರಡನೆಯದು.

ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದೆ. ಬರೀ ಮಣ್ಣಿನದು ಚಾಕುವಿನಲ್ಲಿ ಕೊಯ್ದ ಹಾಗೆ ನುಣುಪು. ಬನ್ಸಿಯದು ಏರುತಗ್ಗು. ಬಿರುಕು ಹೆಂಚಿನ ಚೂರಿಗೆ ಬಂದು, ಪಕ್ಕಕ್ಕೆ ಹೊರಳಿ, ಸುತ್ತು ಹಾಕಿ ಮುಂದೆ ಹೋಗಿದೆ. ದಾರಿ ಉದ್ದವಾದಷ್ಟೂ ಅದರ ಶಕ್ತಿ ಖರ್ಚಾಗುತ್ತದೆ. ನೋಡ್ತಾ ನೋಡ್ತಾ ಅರ್ಧ ಗಂಟೆ ಕಳೆದದ್ದೇ ಗೊತ್ತಾಗಲಿಲ್ಲ.

ಜಿರ್ಕೋನಿಯಾ ಅನ್ನುವ ಗಟ್ಟಿ ಸಿರಾಮಿಕ್‌ನಲ್ಲಿ ಇದಕ್ಕಿಂತ ಚೆಂದದ ಉಪಾಯವಿದೆ. 1975ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ತೋರಿಸಿಕೊಟ್ಟದ್ದು. ಬಿರುಕು ಹತ್ತಿರ ಬಂದರೆ ಅಲ್ಲಿನ ಹರಳುಗಳು ರೂಪ ಬದಲಿಸಿ ಊದಿಕೊಳ್ಳುತ್ತವೆ, ಬಿರುಕಿನ ಬಾಯನ್ನು ಒತ್ತಿ ಹಿಡಿಯುತ್ತವೆ. ನನ್ನ 1000 ಡಿಗ್ರಿಯ ಕಿಲ್ನ್‌ನಲ್ಲಿ ಅದು ಆಗದ ಕೆಲಸ.

ಮುಂದಿನ ಸುತ್ತಿಗೆ ರಾಜಸ್ಥಾನದ ವೊಲಾಸ್ಟೊನೈಟ್ ಎಂಬ ಖನಿಜ ಎರಡು ಕೆ.ಜಿ. ತರಿಸಿದ್ದೇನೆ. ಅದರ ಕಣಗಳು ಸೂಜಿಯ ಹಾಗೆ ಉದ್ದ. ಬನ್ಸಿ ಹೆಂಚಿನ ಜೊತೆಗೆ ನೂರಕ್ಕೆ 10 ಪಾಲು ಹಾಕುತ್ತೇನೆ. ಮಣ್ಣು ನಿನ್ನೆಯೇ ನೆನೆಹಾಕಿದೆ.