ವಾಲ್ವಿನ ನೆನಪು

ವಾಲ್ವ್ (ಗಾಜಿನ ನಿರ್ವಾತ ನಳಿಕೆ) ಬಳಸುವ ಗಿಟಾರ್ ಆಂಪ್ಲಿಫೈಯರಿನ ಧ್ವನಿಯನ್ನು ಸಾಫ್ಟ್‌ವೇರಿನಲ್ಲಿ ಮೂಡಿಸಲು ಹೊರಟಾಗ ನಾನು ಮೊದಲು ಬರೆದದ್ದು ಒಂದೇ ಸಾಲಿನ ಕೋಡ್. ಗಿಟಾರಿನ ಸಿಗ್ನಲನ್ನು ಹಿಗ್ಗಿಸಿ ಟ್ಯಾನ್‌ಎಚ್ ಎಂಬ ಗಣಿತದ ಫಲನದ ಮೂಲಕ ಹಾಯಿಸಿದರೆ ಅಲೆಯ ತುದಿಗಳು ಮೆತ್ತಗೆ ದುಂಡಗಾಗುತ್ತವೆ. ಕೇಳಲು ಅದು ಸುಮಾರಾಗಿ ವಾಲ್ವಿನಂತೆಯೇ ಇತ್ತು. ಆದರೆ ಜೋರಾಗಿ ಮೀಟಿದ ಸ್ವರ ಮೊದಲು ಅದುಮಿಕೊಂಡು, ಆಮೇಲೆ ಅರಳುವ ಗುಣ ಅದರಲ್ಲಿರಲಿಲ್ಲ.

ಆ ಗುಣದ ಮೂಲ ವಾಲ್ವಿನ ಆಚೀಚೆ ಇರುವ ಬಿಡಿಭಾಗಗಳಲ್ಲಿದೆ. 1950ರ ದಶಕದ ಕೊನೆಯ ಫೆಂಡರ್ ಬ್ಯಾಸ್‌ಮನ್‌ನ 5ಎಫ್6-ಎ ಸರ್ಕ್ಯೂಟನ್ನೇ ನೋಡೋಣ. ಲಂಡನ್ನಿನ ಜಿಮ್ ಮಾರ್ಷಲ್ ಅವರ ಅಂಗಡಿಯಲ್ಲಿ ಹುಟ್ಟಿದ ಜೆಟಿಎಂ45 ಆಂಪ್‌ಗೂ ಇದೇ ಆಧಾರ. ಈ ಸರ್ಕ್ಯೂಟಿನ ಪವರ್ ವಾಲ್ವುಗಳಲ್ಲಿ ಕರೆಂಟನ್ನು ನಿಯಂತ್ರಿಸುವ ಜಾಲರಿಯಾದ ಗ್ರಿಡ್‌ಗೆ ಸಿಗ್ನಲ್ ತಲುಪುವುದು 0.1 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಮೂಲಕ. ಗ್ರಿಡ್‌ನಿಂದ ಬಯಾಸ್‌ಗೆ, ಅಂದರೆ ಗ್ರಿಡ್ಡನ್ನು ಋಣಾತ್ಮಕವಾಗಿಡುವ ಸ್ಥಿರ ವೋಲ್ಟೇಜಿಗೆ, 220 ಕಿಲೋಓಮ್‌ನ ರೆಸಿಸ್ಟರ್ ಇದೆ. ಸಿಗ್ನಲ್ ಮಿತಿಮೀರಿ ಗ್ರಿಡ್ ಧನಾತ್ಮಕವಾದ ಕೂಡಲೇ ಗ್ರಿಡ್‌ನಲ್ಲಿ ಕರೆಂಟ್ ಹರಿದು ಕೆಪಾಸಿಟರ್ ಬೇಗನೆ ಚಾರ್ಜ್ ಆಗುತ್ತದೆ, ಆದರೆ ಆ ಚಾರ್ಜ್ ಇಳಿಯಬೇಕಾದರೆ ರೆಸಿಸ್ಟರಿನ ದಾರಿಯನ್ನೇ ಹಿಡಿಯಬೇಕು, ಅದರ ಕಾಲಸ್ಥಿರಾಂಕ (ಚಾರ್ಜ್ ಬಹುಪಾಲು ಇಳಿಯಲು ಬೇಕಾದ ಹೊತ್ತು) ಸುಮಾರು 22 ಮಿಲಿಸೆಕೆಂಡು. ಅಷ್ಟು ಹೊತ್ತು ವಾಲ್ವಿನ ಬಯಾಸ್ ಪಕ್ಕಕ್ಕೆ ಸರಿದಿರುತ್ತದೆ. ಟ್ಯಾನ್‌ಎಚ್‌ಗೆ ಹಿಂದಿನ ಕ್ಷಣದ ಅರಿವೇ ಇಲ್ಲ, ಕೆಪಾಸಿಟರಿಗೆ ಇದೆ.

ಆದ್ದರಿಂದ ಪ್ರತಿ ಸ್ಯಾಂಪಲ್ಲಿಗೂ (ಸಿಗ್ನಲನ್ನು ಅಳೆಯುವ ಪ್ರತಿ ಕ್ಷಣಕ್ಕೂ) ಕೆಪಾಸಿಟರಿನ ವೋಲ್ಟೇಜನ್ನು ಲೆಕ್ಕವಿಟ್ಟುಕೊಳ್ಳುವಂತೆ ಪ್ರೋಗ್ರಾಮನ್ನು ಹೊಸದಾಗಿ ಬರೆದೆ. ವಾಲ್ವಿನ ಮೂಲಕ ಹರಿಯುವ ಮುಖ್ಯ ಕರೆಂಟಾದ ಪ್ಲೇಟ್ ಕರೆಂಟಿಗೆ ನಾರ್ಮನ್ ಕೋರೆನ್ 1996ರಲ್ಲಿ ಪ್ರಕಟಿಸಿದ ಸಮೀಕರಣಗಳನ್ನು ಬಳಸಿ, ಗ್ರಿಡ್ ಕರೆಂಟಿಗೆ ಒಂದು ಡಯೋಡ್ ಸೇರಿಸಿ, ಎರಡನ್ನೂ, ಉತ್ತರವನ್ನು ಹಂತಹಂತವಾಗಿ ಸಮೀಪಿಸುವ ನ್ಯೂಟನ್ ವಿಧಾನದಿಂದ ಬಿಡಿಸಿದೆ. ಅತಿ ದಪ್ಪನೆಯ ತಂತಿಯನ್ನು ಬಲವಾಗಿ ಮೀಟಿದಾಗ ಸ್ವರ ಒಂದು ಗಳಿಗೆ ಬಿಗಿಹಿಡಿದು ನಂತರ ಬಿಚ್ಚಿಕೊಂಡಿತು. ಅದನ್ನು ಕೇಳಿ ನನಗಾದ ಸಂತೋಷ ಸಣ್ಣದಲ್ಲ.

ಮೇಲಿನ ಸ್ವರಗಳಲ್ಲಿ ಮಾತ್ರ ಬೇರೊಂದು ದೋಷ ಕಾಡುತ್ತಲೇ ಇತ್ತು: ತಂತಿಯನ್ನು ಎಳೆದು ಸ್ವರವನ್ನು ಏರಿಸಿದರೆ, ಹಿನ್ನೆಲೆಯಲ್ಲಿ ತೆಳುವಾದೊಂದು ಸಿಳ್ಳು ಕೆಳಗಿಳಿಯುತ್ತಿತ್ತು. ಅಲೆಯ ತುದಿ ಕತ್ತರಿಸಿದಾಗ ಮೂಲ ಆವರ್ತನದ ಗುಣಕಗಳಾದ ಹೊಸ ಹಾರ್ಮೋನಿಕ್‌ಗಳು ಹುಟ್ಟುತ್ತವೆ. 5 ಕಿಲೋಹರ್ಟ್ಜ್‌ನ ಏಳನೆಯ ಹಾರ್ಮೋನಿಕ್ 35 ಕಿಲೋಹರ್ಟ್ಜ್, ಅದು 44.1 ಕಿಲೋಹರ್ಟ್ಜ್ ಸ್ಯಾಂಪಲಿಂಗ್‌ನಲ್ಲಿ ಹಿಡಿಸುವ ಮಿತಿಯನ್ನು, ಅಂದರೆ ಆ ದರದ ಅರ್ಧವನ್ನು, ಮೀರುವುದರಿಂದ ಮಡಚಿಕೊಂಡು 9.1 ಕಿಲೋಹರ್ಟ್ಜ್ ಆಗಿ ಕೇಳಿಸುತ್ತದೆ. ಮೂಲ ಸ್ವರ ಏರಿದಷ್ಟೂ ಈ ನೆರಳು ಇಳಿಯುತ್ತದೆ. ಈಗ ವಾಲ್ವಿನ ಲೆಕ್ಕವನ್ನೆಲ್ಲ ಎಂಟು ಪಟ್ಟು, ಅಂದರೆ 352.8 ಕಿಲೋಹರ್ಟ್ಜ್‌ನಲ್ಲಿ ನಡೆಸಿ, ಫಿಲ್ಟರ್ ಹಾಕಿ ಕೆಳಗಿಳಿಸುತ್ತಿದ್ದೇನೆ. ಪ್ರೊಸೆಸರಿನ ಮೇಲೆ ಹೊರೆ ಹೆಚ್ಚಿದೆ, ಆದರೆ ಸಿಳ್ಳು ಕಿವಿಗೆ ಬೀಳುತ್ತಿಲ್ಲ.