ಕೊಂಡು ತಂದ ಆರು ಸಾವಿರ ಇಮೇಲ್, ಗಲ್ಲಾ ಪಕ್ಕದ ನೋಟ್‌ಬುಕ್ಕು

ತಿಂಡಿ-ಕಾಫಿ ಹೋಟೆಲ್‌ಗಳ ಫ್ರಾಂಚೈಸಿ ಕೊಡುವ ಕಂಪನಿಯಲ್ಲಿ ನನ್ನ ಕೆಲಸ. ಹೊಸದಾಗಿ ಹೋಟೆಲ್ ತೆರೆದವರಿಗೆ, ಗಿರಾಕಿಗಳಿಗೆ ವಾರಕ್ಕೊಂದು ಇಮೇಲ್ ಕಳಿಸುವುದು ಹೇಗೆ ಅಂತ ನಾನು ಹೇಳಿಕೊಡುತ್ತೇನೆ. "ಎಲ್ಲರೂ ವಾಟ್ಸಾಪ್‌ನಲ್ಲಿ ಇದ್ದಾರೆ, ಇಮೇಲ್ ಯಾರಮ್ಮ ನೋಡ್ತಾರೆ?" ಅಂತ ಕೇಳದವರಿಲ್ಲ. ಮನೆಗೆ ದೋಸೆ ಕಟ್ಟಿಸಿಕೊಂಡು ಹೋಗುವವರು ನೋಡದೇ ಇರಬಹುದು. ಆದರೆ ಶುಕ್ರವಾರದ ಮೀಟಿಂಗಿಗೆ ನಲವತ್ತು ಪ್ಲೇಟ್ ಇಡ್ಲಿ-ವಡೆ ಹೇಳಬೇಕಾದ ಅಡ್ಮಿನ್‌ನವರು ದಿನವಿಡೀ ಕೂತಿರುವುದೇ ಇಮೇಲ್ ಮುಂದೆ. ಕೊಟೇಶನ್, ಜಿಎಸ್‌ಟಿ ಬಿಲ್ಲು, ಮ್ಯಾನೇಜರ ಒಪ್ಪಿಗೆ ಎಲ್ಲಾ ಅಲ್ಲೇ ನಡೆಯುತ್ತೆ.

ಮೈಸೂರಿನ ಹೂಟಗಳ್ಳಿ ಕಡೆ ಹೋಟೆಲ್ ತೆರೆದವರೊಬ್ಬರು ಬ್ಯಾಂಕಿನಿಂದ ನಿವೃತ್ತರಾದವರು. ಮೊದಲ ತಿಂಗಳಲ್ಲೇ ಯಾರಿಂದಲೋ ಆರು ಸಾವಿರ ಇಮೇಲ್ ವಿಳಾಸ ಕೊಂಡು ತಂದರು. ಬೇಡ ಅನ್ನಬೇಕಾಗಿದ್ದವಳು ನಾನು. ವ್ಯಾಪಾರ ಕುದುರಲಿ ಅನ್ನುವ ಆಸೆಗೆ ಒಪ್ಪಿದೆ. ಒಂದೇ ಬೆಳಿಗ್ಗೆ, ನಮ್ಮ ಕಂಪನಿಯ ಡೊಮೇನ್‌ನಿಂದಲೇ (ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು), ಆರು ಸಾವಿರವೂ ಹೋಯಿತು.

ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಜಿಮೇಲ್ 2024ರ ಫೆಬ್ರವರಿಯಿಂದ ನಿಯಮ ಬಿಗಿ ಮಾಡಿದೆ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಮೇಲ್ ನಿಜವಾಗಿ ಆ ಡೊಮೇನ್‌ನವರದ್ದೇ ಅಂತ ಪರೀಕ್ಷಿಸುವ ಸೆಟ್ಟಿಂಗ್‌ಗಳು) ಮೂರೂ ಸರಿಯಿರಬೇಕು, ಒಂದೇ ಕ್ಲಿಕ್ಕಿಗೆ ಹೊರಹೋಗುವ ದಾರಿ ಇರಬೇಕು, ಸ್ಪ್ಯಾಮ್ ದೂರು ಶೇಕಡಾ 0.3 ಮುಟ್ಟಬಾರದು. ಅಂದರೆ ಸಾವಿರ ಮೇಲ್‌ಗೆ ಮೂರು ಜನ "ಸ್ಪ್ಯಾಮ್" ಒತ್ತಿದರೆ ಸಾಕು. ನಮ್ಮ ತಾಂತ್ರಿಕ ಸೆಟ್ಟಿಂಗ್ ಎಲ್ಲಾ ಸರಿಯೇ ಇತ್ತು. ಪರಿಚಯವೇ ಇಲ್ಲದ ಜನ ಮಾತ್ರ ಮುಲಾಜಿಲ್ಲದೆ ಒತ್ತಿದರು. ಆ ವಾರ ಬೇರೆ ಊರಿನ ನಮ್ಮ ಹೋಟೆಲ್‌ನವರು ಅದೇ ಡೊಮೇನ್‌ನಿಂದ ಕಳಿಸಿದ ಬಿಲ್ಲುಗಳೂ ಸ್ಪ್ಯಾಮ್‌ಗೆ ಬೀಳತೊಡಗಿದವು. ತಪ್ಪು ನಮ್ಮದು, ಹಣ ನಿಂತದ್ದು ಅವರದ್ದು. ಆ ಸಂಕಟ ನನಗೆ ಇನ್ನೂ ಇದೆ. ಅದಾದ ಮೇಲೆ ವಾರದ ಇಮೇಲ್ ಪತ್ರಕ್ಕೆ ಬೇರೆ ಸಬ್‌ಡೊಮೇನ್ (ಅದೇ ಡೊಮೇನ್‌ನಡಿ ಪ್ರತ್ಯೇಕ ಹೆಸರು) ಮಾಡಿಸಿದೆವು, ಕೆಟ್ಟ ಹೆಸರು ಸರಿಹೋಗಲು ವಾರಗಳೇ ಹಿಡಿದವು.

ಆಮೇಲೆ ಆ ಹೂಟಗಳ್ಳಿಯವರು ತಾವೇ ಒಂದು ಉದ್ದ ನೋಟ್‌ಬುಕ್ ತಂದು ಗಲ್ಲಾ ಪಕ್ಕ ಇಟ್ಟರು. ಹೆಸರು, ಆಫೀಸು, ಇಮೇಲ್, ಕೊನೆಯ ಕಾಲಂನಲ್ಲಿ "ವಾರಕ್ಕೊಂದು ಪತ್ರ ಕಳಿಸಬಹುದೇ?", ಕೆಳಗೆ ಗಿರಾಕಿಯೇ ಹಾಕಿದ ಟಿಕ್. ಒಪ್ಪಿಗೆ ಕೇಳುವುದು 2023ರ ಡೇಟಾ ರಕ್ಷಣೆ ಕಾಯ್ದೆಯ ಮಾತೂ ಹೌದು, ಮರ್ಯಾದೆಯ ಮಾತೂ ಹೌದು. ಎರಡು ತಿಂಗಳಿಗೆ ನೂರಾ ನಲವತ್ತು ಹೆಸರಾದವು. ಪುಟಗಳ ಮೇಲೆ ಕಾಫಿ ಲೋಟದ ಗುಂಡು ಕಲೆ. ಕೈಬರಹದಲ್ಲಿ ಯು-ವಿ ಕಲಸಿಹೋಗುತ್ತೆ ಅಂತ ಕ್ಯಾಶ್‌ನಲ್ಲಿದ್ದ ಹುಡುಗ ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿ ಗಿರಾಕಿಯಿಂದ ಹೌದು ಅನ್ನಿಸಿಕೊಳ್ಳುತ್ತಿದ್ದ. ತಪ್ಪು ವಿಳಾಸದಿಂದ ವಾಪಸ್ ಬಂದ ಮೇಲ್ ಬೆರಳೆಣಿಕೆಯಷ್ಟೇ.

ಪತ್ರದಲ್ಲೂ ನಾನು ಹಟ ಬಿಟ್ಟೆ. ನಮ್ಮ ಹೆಡ್ ಆಫೀಸ್ ಕಳಿಸುತ್ತಿದ್ದುದು ಇಡೀ ಮೆನುವಿನ ಒಂದೇ ದೊಡ್ಡ ಚಿತ್ರ. ಆಫೀಸಿನ ಕಂಪ್ಯೂಟರ್ ಚಿತ್ರ ತೋರಿಸದಿದ್ದರೆ ಖಾಲಿ ಚೌಕ. ಇವರು ಬರೆದದ್ದು ಏಳು ಸಾಲು. ವಿಷಯದ ಸಾಲು: "ಗುರುವಾರ ಕಾಯಿ ಹೋಳಿಗೆ, 60 ಮಾತ್ರ". ಫೋನಿನಲ್ಲಿ ಅಷ್ಟೂ ಕಾಣುತ್ತೆ. ಉದ್ದ ಬರೆದರೆ ಅರ್ಧಕ್ಕೇ ಕತ್ತರಿಸುತ್ತೆ. ಒಳಗೆ ಅಂದಿನ ತಿಂಡಿ, ಎಷ್ಟು ಹೊತ್ತಿಗೆ ಹೇಳಬೇಕು, ಎಷ್ಟು ಜನಕ್ಕೆ ಎಷ್ಟು ರೂಪಾಯಿ, ಕೊನೆಗೆ ಅವರದ್ದೇ ಮೊಬೈಲ್ ನಂಬರ್. ಶ್ರಾವಣದಲ್ಲಿ "ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಸಾಂಬಾರ್ ಬೇರೆ ಪಾತ್ರೆಯಲ್ಲಿ ಮಾಡ್ತೀವಿ" ಅಂತ ಒಂದು ಸಾಲು ಸೇರಿಸಿದ್ದರು. ಅದಕ್ಕೆ ಉತ್ತರ ಬರೆದ ಮೂರು ಆಫೀಸಿನವರು ಇವತ್ತಿಗೂ ಅಲ್ಲೇ ಆರ್ಡರ್ ಕೊಡುತ್ತಾರೆ.

ಮೇಲ್ ಎಷ್ಟು ಜನ ತೆರೆದರು ಅನ್ನುವ ಅಂಕಿಯನ್ನು ನಾನೀಗ ಅಷ್ಟಾಗಿ ನೋಡುವುದಿಲ್ಲ. ಮೇಲ್ ಒಳಗಿನ ಚಿತ್ರ ಇಳಿದರೆ ತೆರೆದರು ಅಂತ ಲೆಕ್ಕ. 2021ರಿಂದ ಆಪಲ್ ಫೋನಿನ ಮೇಲ್ ಆ್ಯಪ್ ತಾನೇ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುವುದರಿಂದ ತೆರೆಯದವರೂ ತೆರೆದಂತೆ ಲೆಕ್ಕಕ್ಕೆ ಬರುತ್ತಾರೆ. ಬಂದ ಉತ್ತರ, ಬಂದ ಆರ್ಡರ್ ಇವೆರಡನ್ನೇ ಪ್ರತಿ ಶನಿವಾರ ಅವರ ಜೊತೆ ಫೋನಿನಲ್ಲಿ ಎಣಿಸುತ್ತೇನೆ. ಹೊಸ ಹೋಟೆಲ್‌ನವರಿಗೆ ಒಲೆ ಹಚ್ಚುವ ದಿನವೇ ಒಂದು ಉದ್ದ ನೋಟ್‌ಬುಕ್, ದಾರ ಕಟ್ಟಿದ ಒಂದು ಪೆನ್ನು ಕಳಿಸಿಕೊಡುತ್ತೇನೆ.