ಬರೀ ಒಂದು ‘ಎ’ ಓದದೆ ಬಿಟ್ಟಿದ್ದಕ್ಕೆ

ಸಹಕಾರ ಸಂಘವೊಂದಕ್ಕೆ ವೆಬ್‌ಸೈಟ್ ಮಾಡುತ್ತಿದ್ದೆವು. ಸದಸ್ಯರು ಕಂತು ಕಟ್ಟಿದ ಕೂಡಲೇ ಪಿಡಿಎಫ್ ರಸೀದಿ ಬರಬೇಕಿತ್ತು. ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲಸ, ಪಿಡಿಎಫ್ ಮಾಡಲು ಐಟೆಕ್ಸ್ಟ್ ಅನ್ನೋ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಸಿಕ್ಕಿತು. ಅದರ ಲೈಸೆನ್ಸ್, ಅಂದರೆ ಬಳಸುವ ಷರತ್ತು, ಎಜಿಪಿಎಲ್. ನನ್ನ ಕಣ್ಣಿಗೆ ಬಿದ್ದಿದ್ದು ಜಿಪಿಎಲ್ ಮಾತ್ರ: ಪ್ರೋಗ್ರಾಂ ಬೇರೆಯವರಿಗೆ ಹಂಚಿದರೆ ಅದರ ಮೂಲ ಕೋಡನ್ನೂ ಕೊಡಬೇಕು ಅನ್ನೋ ಲೈಸೆನ್ಸ್. ‘ಕೋಡ್ ಸರ್ವರ್‌ನಲ್ಲೇ ಇರುತ್ತೆ, ಯಾರಿಗೂ ಹಂಚಲ್ಲ, ಮತ್ತೇನು?’ ಅಂದುಕೊಂಡೆ.

ಸೈಟ್ ಒಪ್ಪಿಸಲು ಮೂರು ದಿನ ಇರುವಾಗ ನಮ್ಮ ಲೀಡ್ ಮೇಡಂ ಲೈಬ್ರರಿಗಳ ಪಟ್ಟಿ ನೋಡಿದರು. “ಈ ಎ ಯಾಕಿದೆ ಗೊತ್ತೇನಪ್ಪಾ?” ಅಂದರು. ಗೊತ್ತಿರಲಿಲ್ಲ.

ಜಿಪಿಎಲ್ ಕೋಡನ್ನು ನಿಮ್ಮ ಸರ್ವರ್‌ನಲ್ಲಿ ಸುಮ್ನೆ ಓಡಿಸಿದರೆ ಮೂಲ ಕೋಡ್ ಕೊಡಬೇಕಾಗಿಲ್ಲ. ಈ ಕಿಂಡಿ ಮುಚ್ಚಲೆಂದೇ ಎಜಿಪಿಎಲ್ ಇದೆ. 2007ರಲ್ಲಿ ಬಂದ ಅದರ ಮೂರನೇ ಆವೃತ್ತಿಯ 13ನೇ ಕಲಮು ನೋಡಿ: ಕೋಡ್ ಬದಲಿಸಿ ನೆಟ್‌ವರ್ಕ್ ಮೂಲಕ ಬಳಸಲು ಬಿಟ್ಟರೆ, ಬಳಸುವವರಿಗೆ ಮೂಲ ಕೋಡ್ ಸಿಗಬೇಕು. ಲೈಬ್ರರಿ ಜೊತೆ ಬೆಸೆದ ನಮ್ಮ ಕೋಡ್‌ಗೂ ಇದು ತಾಗುತ್ತದೆ ಅನ್ನೋದು ಐಟೆಕ್ಸ್ಟ್‌ನವರ ನಿಲುವು. ಬೇಡವೆಂದರೆ ದುಡ್ಡು ಕೊಟ್ಟು ಬೇರೆ ಲೈಸೆನ್ಸ್ ಕೊಳ್ಳಬೇಕು. ನಮ್ಮ ಕರಾರಿನಲ್ಲೋ, ಕೋಡ್ ಸಂಘದ್ದು, ಹೊರಗೆ ಹೋಗಕೂಡದು ಅಂತಿತ್ತು.

ಇನ್ನೊಂದು ತಪ್ಪು ಆಮೇಲೆ ಹೊಳೆಯಿತು. ಕೆಲಸ ಮುಗಿದ ಮೇಲೆ ಇಡೀ ಕೋಡನ್ನು ಸಂಘಕ್ಕೆ ಒಪ್ಪಿಸುತ್ತೇವಲ್ಲ, ಅದೇ ಹಂಚಿಕೆ ಅಲ್ವಾ? ಅಂದರೆ ಬರೀ ಜಿಪಿಎಲ್ ಆಗಿದ್ದರೂ ನನ್ನ ಲೆಕ್ಕ ತಪ್ಪೇ.

ಸಂಘದ ಕಾರ್ಯದರ್ಶಿಗಳಿಗೆ ನಾನೇ ಫೋನ್ ಮಾಡಿ, ಲೈಬ್ರರಿ ಬದಲಿಸಬೇಕು, ತಡವಾಗುತ್ತೆ ಅಂದೆ. ಬೈಗುಳಕ್ಕೆ ತಯಾರಾಗಿದ್ದೆ. “ಹೇಗೂ ಬದಲಿಸ್ತೀರಲ್ಲ, ರಸೀದಿ ಕನ್ನಡದಲ್ಲೇ ಕೊಟ್ಟುಬಿಡಿ” ಅಂದರು! ಅಲ್ಲಿವರೆಗೆ ಇಂಗ್ಲಿಷ್ ಸಾಕು ಅಂದಿದ್ದವರು.

ಐಟೆಕ್ಸ್ಟ್ ಬದಲು ಅಪಾಚೆ ಪಿಡಿಎಫ್‌ಬಾಕ್ಸ್ ಅನ್ನೋ ಲೈಬ್ರರಿ ಹಾಕಿದೆ. ಅಪಾಚೆ 2.0 ಲೈಸೆನ್ಸ್, ನಮ್ಮ ಕೋಡ್ ತೆರೆಯಬೇಕಿಲ್ಲ, ಅವರ ಲೈಸೆನ್ಸ್ ಪ್ರತಿ, ನೋಟಿಸ್ ಜೊತೆಗಿಟ್ಟರಾಯಿತು. ಆದರೆ ಒತ್ತಕ್ಷರಗಳು ಕೆಳಗೆ ಕೂರಲಿಲ್ಲ. ‘ಮೊತ್ತ’ ಹೋಗಿ ‘ಮೊತ್‌ತ’ ಆಯಿತು. ಕೊನೆಗೆ ರಸೀದಿಯನ್ನು ವೆಬ್ ಪುಟವಾಗಿ ಬರೆದು, ಸರ್ವರ್‌ನಲ್ಲಿ ಕ್ರೋಮಿಯಂ ಬ್ರೌಸರ್ ಕೈಯಲ್ಲೇ ಪಿಡಿಎಫ್ ಮಾಡಿಸಿದೆ. ಬ್ರೌಸರ್‌ಗೆ ಕನ್ನಡ ಚೆನ್ನಾಗಿ ಬರುತ್ತೆ. ಫಾಂಟ್ ನೋಟೋ ಸಾನ್ಸ್ ಕನ್ನಡ, ಅದು ಓಪನ್ ಫಾಂಟ್ ಲೈಸೆನ್ಸ್‌ನದು. ಈ ಸಲ ಪೂರ್ತಿ ಓದಿದೆ: ಜೊತೆಗೆ ಸೇರಿಸಿ ಕೊಡಬಹುದು, ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ.

ಹನ್ನೊಂದು ದಿನ ತಡವಾಗಿ ಸೈಟ್ ಒಪ್ಪಿಸಿದೆವು. ಮೇಡಂ ಈಗಲೂ ನನ್ನ ಪಟ್ಟಿ ಬಂದರೆ ಮೊದಲು ಲೈಸೆನ್ಸ್ ಕಾಲಂ ನೋಡುತ್ತಾರೆ.